ಬೆಳ್ಳಿಯ ಕೂಲಿ ಇನ್ನೂ ರಂಗಕ್ಕೆ ಬಂದಿಲ್ಲ

ತುಳು ನಾಟಕವೆಂದರೆ ಬರೀ ತಮಾಷೆ, ಅದರಲ್ಲಿ ಚರ್ಚಿಸಲು ಏನಿದೆ ಎಂದು ಕೇಳುವವರು ಈಚೆಗೆ ಹೆಚ್ಚಿದ್ದಾರೆ. ಕರಾವಳಿಯ ರಂಗಭೂಮಿ ಕುರಿತ ಗೋಷ್ಠಿಗಳಲ್ಲಿ ಯಕ್ಷಗಾನಕ್ಕೆ ಜಾಗವಿದೆ, ಹವ್ಯಾಸಿ ಕನ್ನಡ ನಾಟಕಕ್ಕೂ ಇದೆ. ಪುತ್ತೂರು, ಸುಳ್ಯ, ಕಡಬದ ಹಳ್ಳಿಗಳಲ್ಲಿ ಭಜನಾ ಮಂದಿರದ ವಾರ್ಷಿಕೋತ್ಸವಕ್ಕೆ, ಶಾಲೆಯ ಮೈದಾನಕ್ಕೆ ಊರನ್ನೇ ನೆರೆಸಿದ ಕೌಟುಂಬಿಕ ನಾಟಕಕ್ಕೆ ಇಲ್ಲ. ಬಡವರ ಮನೆ ನಮ್ಮ ರಂಗಕ್ಕೆ ಹೇಗೆ ಬಂತೆಂದು ತಿಳಿಯಲು ಆ ನಾಟಕಗಳನ್ನೇ ನೋಡಬೇಕು.

ಹಳೆಯದನ್ನು ಬೇಗ ದಾಟುತ್ತೇನೆ. ನೇಜಿ ನೆಡುತ್ತ ತುಳುವಿನ ಕಥನಗೀತೆಯಾದ ಪಾಡ್ದನ ಹೇಳಿದವರು ಹೆಂಗಸರು. ಗಂಡನ ಮನೆಯಲ್ಲಿ ನೊಂದು ಹೊರನಡೆದ ಸಿರಿಯ ಕತೆ ಅವರ ಬಾಯಲ್ಲಿ ಉಳಿಯಿತು. ಯಕ್ಷಗಾನದಲ್ಲಿ ಹೆಣ್ಣಾದದ್ದು ಗಂಡಸು. ಉಪ್ಪಿನಂಗಡಿಯ ಪಾತಾಳ ವೆಂಕಟರಮಣ ಭಟ್ಟರ ಸ್ತ್ರೀವೇಷ ಕಂಡವರು ಆ ಕಲೆಯನ್ನು ಕಡಿಮೆಯೆನ್ನಲಾರರು. ಆದರೆ ಅಲ್ಲಿದ್ದವರು ರಾಣಿಯರು, ಅಪ್ಸರೆಯರು, ಕೂಲಿಯವಳಿಗೆ ಪ್ರವೇಶವಿರಲಿಲ್ಲ.

1933 ನಮಗೆ ಮುಖ್ಯ ವರ್ಷ. ಮೊದಲ ತುಳು ನಾಟಕವೆಂದು ಗುರುತಿಸುವ ಮಾಧವ ತಿಂಗಳಾಯರ ‘ಜನಮರ್ಲ್’ ಆ ವರ್ಷದ್ದು. ಪುತ್ತೂರಿನಲ್ಲಿದ್ದ ಶಿವರಾಮ ಕಾರಂತರ ‘ಚೋಮನ ದುಡಿ’ಯೂ ಅದೇ ವರ್ಷದ್ದು. ಕಾರಂತರು ‘ಗರ್ಭಗುಡಿ’ ಬರೆದರು, ಗೀತನಾಟಕಗಳನ್ನು ಕಟ್ಟಿದರು, ಬಾಲವನದಲ್ಲಿ ರಂಗ ಪ್ರಯೋಗ ನಡೆಸಿದರು. 1936ರಲ್ಲಿ ಅವರನ್ನು ಮದುವೆಯಾದ ಲೀಲಾ ಅವರು ನೃತ್ಯಕ್ಕೂ ಜೊತೆಯಾದರು. ಮರ್ಯಾದಸ್ಥ ಮನೆಯ ಹೆಣ್ಣು ರಂಗ ಹತ್ತುವುದು ಆಗ ಸಣ್ಣ ಮಾತಾಗಿರಲಿಲ್ಲ. ‘ಚೋಮನ ದುಡಿ’ ಕಾದಂಬರಿಯಾದರೂ ಮತ್ತೆ ಮತ್ತೆ ನಾಟಕವಾಗಿದೆ. ಬಿ.ವಿ. ಕಾರಂತರ 1975ರ ಚಿತ್ರಕ್ಕೆ ಸ್ವರ್ಣಕಮಲ ಬಂತು. ನಾನು ನೋಡಿದ ರಂಗರೂಪಗಳೆಲ್ಲ ಚೋಮನ ದುಡಿಯ ಸದ್ದಿನ ಹಿಂದೆಯೇ ಹೋದವು. ಸಾಲ ತೀರಿಸಲು ಕಾಫಿ ತೋಟಕ್ಕೆ ಹೋಗಿ ಮೈಯನ್ನೇ ತೆತ್ತವಳು ಮಗಳು ಬೆಳ್ಳಿ. ನಾಟಕದ ನಡು ಅವಳಾಗಬೇಕಿತ್ತು.

ಮುಂದಿನ ಘಟ್ಟ ಕೆ.ಎನ್. ಟೇಲರ್, ಸಂಜೀವ ದಂಡೆಕೇರಿ ಮೊದಲಾದವರದು. ಕುಡುಕ ಅಪ್ಪ, ಮದುವೆಯಾಗದ ತಂಗಿ, ಮುಂಬಯಿ ಹೋಟೆಲಿಗೆ ಹೋದ ಮಗ, ಮನೆ ಮೇಲಿನ ಸಾಲ ಇವು ಆ ಕಾಲದ ಕೌಟುಂಬಿಕ ನಾಟಕಗಳ ಸರಕು. ನಗೆಯ ದೃಶ್ಯಗಳಿದ್ದುದರಿಂದಲೇ ಇಷ್ಟು ದುಃಖವನ್ನು ಜನ ಇರುಳಿಡೀ ಕೂತು ನೋಡಿದರು. ವಿಜಯಕುಮಾರ್ ಕೊಡಿಯಾಲ್‌ಬೈಲ್ ಅವರ ‘ಒರಿಯರ್ದೊರಿ ಅಸಲ್’ 2011ರಲ್ಲಿ ಸಿನಿಮಾ ಆಗುವ ಮೊದಲೇ ನಾಟಕವಾಗಿ ಮನೆಮಾತಾಗಿತ್ತು.

ನಮ್ಮ ತಲೆಮಾರಿನ ಕಣ್ಣು ತೆರೆಸಿದ್ದು ‘ಸಮುದಾಯ’. 1975ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, 1979ರ ಜಾಥಾದಲ್ಲಿ ನಾಡು ಸುತ್ತಿದ ಈ ತಂಡ ‘ಬೆಲ್ಚಿ’ಯಂಥ ಬೀದಿ ನಾಟಕದಿಂದ ಒಂದು ಪ್ರಶ್ನೆ ಕಲಿಸಿತು: ಬಡತನ ಯಾರಿಂದ ಬಂತು? ವಿಧಿಯನ್ನು ಬಯ್ಯುವ ಸಂಭಾಷಣೆ ನಮಗೆ ಆಮೇಲೆ ಸಾಲದಾಯಿತು. ಪುತ್ತೂರಿನಲ್ಲಿ ಐ.ಕೆ. ಬೊಳುವಾರು, ಸುಳ್ಯದ ರಂಗಮನೆಯಲ್ಲಿ ಜೀವನ್‌ರಾಂ ಸುಳ್ಯ ಮಕ್ಕಳನ್ನು ರಂಗಕ್ಕೆ ತಂದರು. ಆ ಶಿಬಿರಗಳಲ್ಲಿ ಹೆಣ್ಣುಮಕ್ಕಳು ಅಳುಕಿಲ್ಲದೆ ನಿಂತದ್ದನ್ನು ನಾನು ಈ ಸೀಮೆಯ ದೊಡ್ಡ ಸಾಧನೆಯೆಂದು ಎಣಿಸುತ್ತೇನೆ.

ಆದರೂ ಒಂದು ಹೆಣ್ಣು ಹೊರಗೇ ಉಳಿದಿದ್ದಾಳೆ. ತಡ್ಪೆಯನ್ನು (ಮೊರವನ್ನು) ಮಡಿಲಲ್ಲಿಟ್ಟು ಬೀಡಿ ಕಟ್ಟಿದವಳಿಂದ ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಎಷ್ಟೋ ಮನೆಗಳಲ್ಲಿ ಅಕ್ಕಿ ಬೆಂದಿದೆ, ಮಕ್ಕಳ ಫೀಸು ಕಟ್ಟಿದೆ. ಎಲೆ ನೆನೆಸಿ, ಕತ್ತರಿಸಿ, ಸಾವಿರದ ಲೆಕ್ಕದಲ್ಲಿ ಕಟ್ಟಿ ಬೀಡಿ ಕಂಪನಿಯ ಬ್ರಾಂಚಿಗೆ ಒಯ್ದರೆ, ಸರಿಯಿಲ್ಲವೆಂದು ತೆಗೆದಿಟ್ಟ ಕಟ್ಟುಗಳ ನಷ್ಟ ಅವಳದೇ. ಬೀಡಿ ಕಾರ್ಮಿಕರಿಗೆಂದು 1966ರಲ್ಲೇ ಕಾಯ್ದೆ ಬಂತು. ನಮ್ಮ ನಾಟಕದ ತಾಯಿಯೂ ಬೀಡಿ ಕಟ್ಟುತ್ತಾಳೆ, ತ್ಯಾಗದ ಗುರುತಾಗಿ. ಬ್ರಾಂಚಿನ ಜಗಳ, ಪಿ.ಎಫ್., ಅವಳ ದುಡ್ಡು ಯಾರ ಕೈಗೆ ಹೋಯಿತೆಂಬ ಲೆಕ್ಕ ನಾನು ಕಂಡ ನಾಟಕಗಳಲ್ಲಿಲ್ಲ. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದಂತೆ ಶ್ರೀಲಂಕಾದಿಂದ ಬಂದು ಸುಳ್ಯ, ಪುತ್ತೂರು ಕಡೆಯ ಸರಕಾರಿ ರಬ್ಬರ್ ತೋಟಗಳಲ್ಲಿ ನೆಲೆಯಾದ ತಮಿಳು ಕುಟುಂಬಗಳಿವೆ. ಬೆಳಗಾಗುವ ಮುಂಚೆ ಟ್ಯಾಪಿಂಗಿಗೆ ಹೋಗುವ ಅಲ್ಲಿನ ಹೆಂಗಸರನ್ನೂ ನಾನು ರಂಗದ ಮೇಲೆ ಕಂಡಿಲ್ಲ. ಅವರಿಗೆ ಕಣ್ಣೀರನ್ನಷ್ಟೇ ಕೊಟ್ಟು ಸಂಬಳದ ಮಾತು ತಪ್ಪಿಸಿದ ರಂಗಭೂಮಿ ಅರ್ಧವನ್ನೇ ಹೇಳಿದೆ.

ಹಳ್ಳಿಯ ನಾಟಕಗಳಲ್ಲಿ ಹೆಚ್ಚಿನವು ಅಚ್ಚಾಗಲಿಲ್ಲ. ಯುವತಿ ಮಂಡಲಗಳಲ್ಲಿ ಆಡಿದ ಹೆಂಗಸರ ಹೆಸರೂ ದಾಖಲಾಗಲಿಲ್ಲ. ನಿಮ್ಮ ಮನೆಯಲ್ಲಿ, ಸಂಘದ ಕಪಾಟಿನಲ್ಲಿ ಕೈಬರಹದ ನಾಟಕದ ಪ್ರತಿ, ಹಳೆಯ ಕರಪತ್ರ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಪಾತ್ರ ಮಾಡಿದವರ ಹೆಸರು ಬರೆದು ಊರಿನ ಗ್ರಂಥಾಲಯಕ್ಕೋ ಮಂಗಳೂರಿನ ತುಳು ಸಾಹಿತ್ಯ ಅಕಾಡೆಮಿಗೋ ಮುಟ್ಟಿಸಿ.