ಮಧ್ಯಕಾಲೀನ ತುಳುನಾಡಿನ ಅರಸಿಯರು

ಮಧ್ಯಕಾಲೀನ ತುಳುನಾಡಿನ ಅರಸಿಯರು ಎಂಬುದು ಇಂದಿನ ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಪ್ರದೇಶದಲ್ಲಿ ಸುಮಾರು 13ನೆಯ ಶತಮಾನದಿಂದ 17ನೆಯ ಶತಮಾನದ ಆರಂಭದವರೆಗೆ ಅಧಿಕಾರ ನಡೆಸಿದ ರಾಜವಂಶೀಯ ಸ್ತ್ರೀಯರನ್ನು ಕುರಿತ ವಿಷಯವಾಗಿದೆ. ಇವರಲ್ಲಿ ಆಳುಪ ವಂಶದ ಬಲ್ಲಮಹಾದೇವಿ, ಹೊಯ್ಸಳ ರಾಣಿ ಚಿಕ್ಕಾಯಿತಾಯಿ ಹಾಗೂ ಉಳ್ಳಾಲದ ಚೌಟ ಅರಸಿಯರು ಪ್ರಮುಖರು.

ಬಲ್ಲಮಹಾದೇವಿ

ಬಲ್ಲಮಹಾದೇವಿಯು ಆಳುಪ ಅರಸ ವೀರಪಾಂಡ್ಯದೇವನ ಪಟ್ಟದ ರಾಣಿ. ಪತಿಯ ನಂತರ ಸುಮಾರು 1275ರಿಂದ 1292ರವರೆಗೆ ಬಾರಕೂರಿನಿಂದ ರಾಜ್ಯವಾಳಿದಳು. ಶಾಸನಗಳಲ್ಲಿ ಆಕೆಗೆ ಮಹಾರಾಜಾಧಿರಾಜ, ಪರಬಲಸಾಧಕ ಮೊದಲಾದ ಬಿರುದುಗಳಿವೆ. ಇವು ಅರಸರು ಧರಿಸುತ್ತಿದ್ದ ಬಿರುದುಗಳು. ಆದುದರಿಂದ ಆಕೆ ಕೇವಲ ಬಾಲರಾಜನ ಪರವಾಗಿ ನಿಂತ ರಾಜಮಾತೆಯಾಗಿರದೆ ಸ್ವತಃ ಸಿಂಹಾಸನಾಧಿಕಾರಿಣಿಯಾಗಿದ್ದಳೆಂದು ತಿಳಿಯಬೇಕು. ಆಕೆಯ ಮಗ ನಾಗದೇವರಸ. ಇದೇ ಅವಧಿಯಲ್ಲಿ ವೀರಪಾಂಡ್ಯನ ಅಳಿಯನಾದ ಬಂಕಿದೇವನೂ ಅಧಿಕಾರಕ್ಕೆ ಹಕ್ಕು ಸಾಧಿಸಿ, ಮುಂದೆ ಆಳುಪ ಅರಸನಾದನು.

ತುಳುನಾಡಿನಲ್ಲಿ ರಾಣಿಯರು ಆಳಿದುದಕ್ಕೆ ಅಳಿಯಸಂತಾನವೇ ಕಾರಣವೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಆದರೆ ಆ ಪದ್ಧತಿಯಲ್ಲಿ ಆಸ್ತಿ ಮತ್ತು ಅಧಿಕಾರ ಸೋದರಿಯ ಮಕ್ಕಳಿಗೆ ಸಲ್ಲುತ್ತದೆ, ಹೆಂಡತಿಗಲ್ಲ. ಬಲ್ಲಮಹಾದೇವಿ ಆಳಿದ್ದು ಅರಸನ ಪತ್ನಿಯಾಗಿ; ಆಕೆಗೆ ಎದುರಾಗಿ ನಿಂತವನೇ ಅಳಿಯ. ಆದ್ದರಿಂದ ಆಕೆಯ ಆಳ್ವಿಕೆಯನ್ನು ಅಳಿಯಸಂತಾನದ ಫಲವೆನ್ನುವುದಕ್ಕಿಂತ ಅದರೊಡನೆ ನಡೆದ ತಿಕ್ಕಾಟವೆನ್ನುವುದು ಸೂಕ್ತ. ಚೌಟರ ವಿಷಯ ಬೇರೆ. ಅಲ್ಲಿ ರಾಣಿಯರು ತಾಯಿಯ ವಂಶದ ಹಕ್ಕಿನಿಂದಲೇ ಪಟ್ಟಕ್ಕೆ ಬಂದರು.

ಚಿಕ್ಕಾಯಿತಾಯಿ

14ನೆಯ ಶತಮಾನದಲ್ಲಿ ಹೊಯ್ಸಳ ಮೂರನೆಯ ವೀರಬಲ್ಲಾಳನು ತುಳುನಾಡನ್ನು ತನ್ನ ಅಧೀನಕ್ಕೆ ತಂದುಕೊಂಡನು. ಅವನ ರಾಣಿ ಚಿಕ್ಕಾಯಿತಾಯಿ ಬಾರಕೂರಿನಿಂದ ಈ ಪ್ರದೇಶದ ಆಡಳಿತ ನಡೆಸಿದಳು. ಆಕೆ ಆಳುಪರ ಬಿರುದುಗಳನ್ನೇ ಧರಿಸಿದ್ದರಿಂದ ಆಳುಪ ಕುಲದವಳೆಂದು ಇತಿಹಾಸಕಾರರು ಅಭಿಪ್ರಾಯಪಡುತ್ತಾರೆ.

ಉಳ್ಳಾಲದ ಅರಸಿಯರು

ಜೈನ ಮತದ ಚೌಟ ಅರಸಿಯರಲ್ಲಿ ಪೋರ್ಚುಗೀಸರನ್ನು ಎದುರಿಸಿದ ಅಬ್ಬಕ್ಕ ಪ್ರಸಿದ್ಧಳು. ಈ ಹೆಸರಿನ ಅರಸಿಯರು ಒಬ್ಬರಿಗಿಂತ ಹೆಚ್ಚು ಮಂದಿ ಇದ್ದುದರಿಂದ ಜನಪ್ರಿಯ ಕಥನಗಳಲ್ಲಿ ಅವರ ಕಾಲ ಮತ್ತು ಕಾರ್ಯಗಳು ಬೆರೆತುಹೋಗಿವೆ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಉಳ್ಳಾಲದ ರಾಣಿಯನ್ನು ಕಂಡು ಮಾತನಾಡಿದನು. ಗದ್ದೆಗಳಿಗೆ ನೀರು ಹಾಯಿಸಲು ತೋಡಿಸುತ್ತಿದ್ದ ಕಾಲುವೆಗಳನ್ನು ನೋಡಲು ಆಕೆ ಬರಿಗಾಲಿನಲ್ಲಿ ನಡೆದು ಹೊರಟಿದ್ದಳೆಂದು ಅವನು ಬರೆದಿದ್ದಾನೆ. ಬಂಗ ಅರಸನೊಂದಿಗಿನ ಆಕೆಯ ವಿವಾಹ ಮುರಿದು ಯುದ್ಧಕ್ಕೆ ಎಡೆಯಾದುದು, ಆಕೆ ಇಕ್ಕೇರಿಯ ವೆಂಕಟಪ್ಪ ನಾಯಕನ ನೆರವು ಪಡೆದುದು ಸಹ ಅವನ ಬರಹದಿಂದ ತಿಳಿದುಬರುತ್ತದೆ. ಈ ನೆರವು ಕರಾವಳಿಯ ಮೇಲೆ ಇಕ್ಕೇರಿಯ ಹಿಡಿತವನ್ನು ಬಿಗಿಗೊಳಿಸಿತು.

ಪುತ್ತೂರು, ಸುಳ್ಯ ಮತ್ತು ಕಡಬ ಪ್ರದೇಶ

ಮೇಲಿನ ಅರಸಿಯರ ರಾಜಧಾನಿಗಳೆಲ್ಲ ಕಡಲಂಚಿನವು. ಘಟ್ಟದ ತಪ್ಪಲಿನ ಪುತ್ತೂರು, ಸುಳ್ಯ, ಕಡಬ ಭಾಗದಲ್ಲಿ ಪಡುಮಲೆ, ಪಂಜ, ಎಣ್ಮೂರುಗಳ ಬಲ್ಲಾಳರು ಸ್ಥಳೀಯ ಪ್ರಭುಗಳಾಗಿದ್ದರು. ಅವರ ಕಾಲದ ಸ್ತ್ರೀಯರನ್ನು ಕುರಿತು ಹೇಳುವ ಮುಖ್ಯ ಆಕರ ಶಾಸನವಲ್ಲ, ಪಾಡ್ದನ. ಕೋಟಿ ಚೆನ್ನಯರ ಪಾಡ್ದನದಲ್ಲಿ ಪಡುಮಲೆ ಬಲ್ಲಾಳನ ಕಾಲಿಗೆ ನಾಟಿದ ಮುಳ್ಳಿನ ನಂಜನ್ನು ಗುಣಪಡಿಸುವವಳು ಬಿಲ್ಲವ ಕುಲದ ದೇಯಿ ಬೈದೆತಿ, ಅವಳಿ ವೀರರ ತಾಯಿ. ಆಕೆ ರಾಜಕುಲದವಳಲ್ಲ, ಆದರೂ ಈ ನಾಡಿನ ಜನರ ನೆನಪಿನಲ್ಲಿ ಬಲ್ಲಾಳರ ಮನೆಯ ಅರಸಿಯರಿಗಿಂತ ಸ್ಪಷ್ಟವಾಗಿ ಉಳಿದಿರುವವಳು ಆಕೆಯೇ. ಪುತ್ತೂರು ತಾಲೂಕಿನ ಗೆಜ್ಜೆಗಿರಿ ನಂದನ ಬಿತ್ತಿಲಿನಲ್ಲಿ ಆಕೆಯ ಆರಾಧನೆ ನಡೆಯುತ್ತದೆ.

ಮುಂದೆ ಈ ಪ್ರದೇಶ ಕೆಳದಿ ಅರಸರ ವಶವಾಯಿತು. ಅಮರಸುಳ್ಯ ಮತ್ತು ಪುತ್ತೂರಿನ ಭಾಗಗಳು ಅನಂತರ ಕೊಡಗಿನ ಹಾಲೇರಿ ಅರಸರಿಗೆ ಸೇರಿ, 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡಾಗ ಕೆನರಾ ಜಿಲ್ಲೆಯೊಂದಿಗೆ ವಿಲೀನಗೊಂಡವು.

ಅಧ್ಯಯನ

ಬಿ. ಎ. ಸಾಲೆತೊರೆ, ಕೆ. ವಿ. ರಮೇಶ್ ಹಾಗೂ ಪಿ. ಗುರುರಾಜ ಭಟ್ ಅವರು ತುಳುನಾಡಿನ ಶಾಸನಗಳನ್ನು ಅಭ್ಯಸಿಸಿ ಆಳುಪರ ಇತಿಹಾಸವನ್ನು ಬೆಳಕಿಗೆ ತಂದವರಲ್ಲಿ ಪ್ರಮುಖರು.