ಬೋರನಕಣಿವೆ ಏರಿ ಮೇಲೆ ಕೇಳಿದ ಒಂದು ಪ್ರಶ್ನೆ

ಹೋದ ದಸರಾ ರಜೆಗೆ ಊರಿಗೆ ಹೋಗಿದ್ದೆ. ನಮ್ಮೂರು ಅಂದ್ರೆ ಬೋರನಕಣಿವೆ ಹತ್ತಿರದ ಒಂದು ಹಳ್ಳಿ. ಗೊತ್ತಿಲ್ಲದವರಿಗೆ ಹೇಳಿಬಿಡ್ತೀನಿ, ಬೋರನಕಣಿವೆ ಇರೋದು ಚಿಕ್ಕನಾಯಕನಹಳ್ಳಿ ತಾಲೂಕಿನಲ್ಲಿ, ಹುಳಿಯಾರಿನ ಕಡೆ. ಮೈಸೂರು ಅರಸರ ಕಾಲದಲ್ಲಿ, 19ನೇ ಶತಮಾನದ ಕೊನೆಯ ಹೊತ್ತಿಗೆ ಸುವರ್ಣಮುಖಿ ನದಿಗೆ ಅಡ್ಡಲಾಗಿ ಕಟ್ಟಿದ ಜಲಾಶಯ ಅದು. ಸುತ್ತ ಎಲ್ಲಿ ನೋಡಿದರೂ ತೆಂಗು.

ಸಂಜೆ ಅಕ್ಕನ ಮಗನನ್ನು ಕರಕೊಂಡು ಏರಿ ಮೇಲೆ ಹೋಗಿದ್ದೆ. ಅವನಿಗೆ ಒಂಬತ್ತು ವರ್ಷ. ಪುಟ್ಟ ಅಂತಲೇ ಕರೆಯೋಣ. ಎರಡು ವರ್ಷದಿಂದ ಅವನು ಕಣ್ಣು ಮಿಟುಕಿಸುತ್ತಾನೆ, ಎಡಗಡೆ ಭುಜ ಎಗರಿಸುತ್ತಾನೆ, ಗಂಟಲಲ್ಲಿ 'ಹ್ಕ್' ಅಂತ ಒಂದು ಸದ್ದು ಮಾಡುತ್ತಾನೆ. ಜೊತೆಗೆ ಒಂದು ಕಡೆ ಕೂರೋದಿಲ್ಲ, ಹೋಂವರ್ಕ್ ಅರ್ಧಕ್ಕೇ ನಿಲ್ಲುತ್ತೆ, ಪೆನ್ಸಿಲ್ ದಿನಕ್ಕೊಂದು ಕಳೆಯುತ್ತೆ. ಶಾಲೆಯಲ್ಲಿ 'ಚೇಷ್ಟೆ' ಅಂತ ಹೊರಗೆ ನಿಲ್ಲಿಸಿದ್ದರು. ಹಿಂದಿನ ಸಲ ಬಂದಾಗ ನಾನೂ "ಸುಮ್ನೆ ಕೂತ್ಕೊಳೋ" ಅಂತ ಗದರಿದ್ದೆ.

ಅವತ್ತು ಏರಿ ಮೇಲೆ ಅವನೇ ಕೇಳಿದ. "ಮಾಮ, ಸೀನು ಬಂದಾಗ ನೀನು ತಡೀತೀಯಾ?"

"ಸ್ವಲ್ಪ ಹೊತ್ತು ತಡೀಬಹುದು, ಆಮೇಲೆ ಬಂದೇ ಬರುತ್ತೆ."

"ನಂಗೂ ಹಂಗೇ. ಯಾರಿಗ್ ಹೇಳಿದ್ರೂ ನಂಬಲ್ಲ."

ನನಗೆ ಮಾತೇ ಹೊರಡಲಿಲ್ಲ. ಯಾಕೆಂದರೆ ಚಿಕ್ಕವನಿದ್ದಾಗ ನನಗೂ ಕಣ್ಣು ಮಿಟುಕಿಸುವ ಚಾಳಿ ಇತ್ತು. ತಾತ ನನ್ನನ್ನು 'ಮಿಣುಕ' ಅಂತ ಕರೆಯುತ್ತಿದ್ದರು. ಹೈಸ್ಕೂಲು ಮುಗಿಯುವ ಹೊತ್ತಿಗೆ ಅದು ತಾನಾಗಿಯೇ ಹೋಯಿತು, ನಾನೂ ಮರೆತೆ. ಮರೆತದ್ದೇ ತಪ್ಪಾಯಿತು ನೋಡಿ.

ಇದಕ್ಕೆ ಟುರೆಟ್ ಸಿಂಡ್ರೋಮ್ ಅಂತ ಹೆಸರು. ದೇಹದ ಒಂದಕ್ಕಿಂತ ಹೆಚ್ಚು ಅದಿರಾಟ, ಕನಿಷ್ಠ ಒಂದು ಸದ್ದು, ಹದಿನೆಂಟರ ಒಳಗೆ ಶುರುವಾಗಿ ಒಂದು ವರ್ಷಕ್ಕಿಂತ ಹೆಚ್ಚು ಉಳಿದರೆ ಹಾಗೆನ್ನುತ್ತಾರೆ. ಈ ಅದಿರಾಟ, ಸದ್ದುಗಳಿಗೆ ಟಿಕ್ ಅಂತ ಹೆಸರು. ಸಿನಿಮಾದಲ್ಲಿ ತೋರಿಸುವ ಹಾಗೆ ಎಲ್ಲರೂ ಕೆಟ್ಟ ಮಾತು ಬೈಯುವುದಿಲ್ಲ, ಅದು ಕೆಲವರಲ್ಲಿ ಮಾತ್ರ. ಆದರೆ ಟುರೆಟ್ ಇರುವ ಮಕ್ಕಳಲ್ಲಿ ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ಮಂದಿಗೆ ಗಮನ ನಿಲ್ಲದ ತೊಂದರೆಯೂ ಇರುತ್ತದೆ. ನಾನು ಡಾಕ್ಟರ್ ಅಲ್ಲ, ಕೋಡ್ ಬರೆದು ಹೊಟ್ಟೆ ಹೊರೆಯುವವನು. ಆದರೆ ಅವತ್ತಿನಿಂದ ರಾತ್ರಿ ಹೊತ್ತು ಇದನ್ನೇ ಓದುತ್ತಾ ಕೂತೆ. ಓದುತ್ತಾ ಹೋದಂತೆ ಇದರ ಚಿಕಿತ್ಸೆಯ ಚರಿತ್ರೆಯೇ ಒಂದು ದೊಡ್ಡ ಕತೆ ಅನ್ನಿಸಿತು.

ಕತೆ ಶುರುವಾಗೋದು ಫ್ರಾನ್ಸಿನಲ್ಲಿ. 1825ರಲ್ಲಿ ಇಟಾರ್ ಎಂಬ ವೈದ್ಯ ಒಬ್ಬ ಸಿರಿವಂತ ಮನೆತನದ ಹೆಂಗಸಿನ ಬಗ್ಗೆ ಬರೆದ. ಏಳನೇ ವಯಸ್ಸಿಗೇ ಆಕೆಗೆ ಕೈ ಅದಿರಾಟ ಶುರುವಾಗಿತ್ತು, ಆಮೇಲೆ ಕೂಗು, ಬೈಗುಳ. ಅರವತ್ತು ವರ್ಷದ ನಂತರ, 1885ರಲ್ಲಿ, ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯ ಗಿಲ್ಸ್ ಡಿ ಲಾ ಟುರೆಟ್ ಆಕೆಯನ್ನೂ ಸೇರಿಸಿ ಒಂಬತ್ತು ಜನರ ವಿವರ ಪ್ರಕಟಿಸಿದ. ಅವನು ಹುಟ್ಟಿದ್ದು 1857ರಲ್ಲಿ, ಅಂದರೆ ಆಗ ಅವನಿಗೆ ಹೆಚ್ಚುಕಮ್ಮಿ ನನ್ನದೇ ವಯಸ್ಸು! ಅವನ ಗುರು ಶಾರ್ಕೋ ಈ ಕಾಯಿಲೆಗೆ ಶಿಷ್ಯನ ಹೆಸರನ್ನೇ ಇಟ್ಟ. ಇದು ವಂಶದಲ್ಲಿ ಬರುತ್ತದೆ ಅಂತ ಟುರೆಟ್ ಆಗಲೇ ಹೇಳಿದ್ದ. ಚಿಕಿತ್ಸೆ ಅಂತ ಇದ್ದದ್ದು ಏಕಾಂತದಲ್ಲಿ ಇಡೋದು, ತಣ್ಣೀರಿನ ಉಪಚಾರ, ವಿದ್ಯುತ್ತು, ಟಾನಿಕ್ಕು. ಯಾವುದರಿಂದಲೂ ಪೂರ್ತಿ ವಾಸಿಯಾಗುವುದಿಲ್ಲ ಅನ್ನೋದೇ ಅವನ ತೀರ್ಮಾನ.

ಆಮೇಲೆ ಕತೆ ದಾರಿ ತಪ್ಪಿತು. 1902ರಲ್ಲಿ ಮೇಜ್ ಮತ್ತು ಫಾಂಡೆಲ್ ಎಂಬಿಬ್ಬರು ಟಿಕ್ ಬಗ್ಗೆ ದೊಡ್ಡ ಪುಸ್ತಕವನ್ನೇ ಬರೆದರು. ಅವರ ಪ್ರಕಾರ ಇದು ಮನಸ್ಸಿನ ಬಿಗಿ ಇಲ್ಲದವರ, ಮಕ್ಕಳಂಥ ಸ್ವಭಾವದವರ ಕಾಯಿಲೆ. ಮದ್ದು ಅಂದರೆ ಕನ್ನಡಿ ಮುಂದೆ ಅಲ್ಲಾಡದೆ ಕೂರುವ ಅಭ್ಯಾಸ. 1921ರಲ್ಲಿ ಫ್ರಾಯ್ಡ್ ಬಳಗದ ಫೆರೆಂಜಿ ಇದಕ್ಕೆ ಅದುಮಿಟ್ಟ ಕಾಮದ ಅರ್ಥ ಕೊಟ್ಟ. ಮುಂದಿನ ನಲವತ್ತು ವರ್ಷ ತಪ್ಪು ಮಗುವಿನದು, ಇಲ್ಲವೇ ಬೆಳೆಸಿದವರದು. ಹೊರಗೆ ನಿಲ್ಲಿಸಿದ ಶಾಲೆಗೂ, ಗದರಿದ ನನಗೂ ಈ ಹಳೆಯ ಪುಸ್ತಕಗಳ ಗಂಧವೇ ಇರಲಿಲ್ಲ. ಆದರೂ ನಾವು ಮಾಡಿದ್ದು ಅದನ್ನೇ.

ತಿರುವು ಬಂದದ್ದು ಒಂದು ಔಷಧದಿಂದ. 1958ರಲ್ಲಿ ಬೆಲ್ಜಿಯಂನ ಪಾಲ್ ಯಾನ್ಸನ್ ಪ್ರಯೋಗಾಲಯದಲ್ಲಿ ಹ್ಯಾಲೋಪೆರಿಡಾಲ್ ತಯಾರಾಯಿತು. 1961ರಲ್ಲಿ ಫ್ರಾನ್ಸ್, ಇಟಲಿಗಳಲ್ಲಿ ಅದು ಟಿಕ್ ಕಡಿಮೆ ಮಾಡಿದ ವರದಿ ಬಂತು. ಅಮೆರಿಕದ ಆರ್ಥರ್ ಮತ್ತು ಎಲೇನ್ ಶಪೀರೋ ದಂಪತಿ 1965ರಲ್ಲಿ ಒಬ್ಬ ಯುವತಿಗೆ ಅದನ್ನು ಕೊಟ್ಟು, 1968ರಲ್ಲಿ ಬ್ರಿಟನ್ನಿನ ಪತ್ರಿಕೆಯೊಂದರಲ್ಲಿ ಬರೆದರು. ಇದು ಅಮ್ಮನ ತಪ್ಪಲ್ಲ, ಮೆದುಳಿನ ಕೆಲಸದಲ್ಲಿನ ವ್ಯತ್ಯಾಸ ಅನ್ನೋದು ಅವರ ವಾದ. 1972ರಲ್ಲಿ ನ್ಯೂಯಾರ್ಕಿನ ತಂದೆತಾಯಿಗಳು ಸೇರಿ ಟುರೆಟ್ ಸಂಘ ಕಟ್ಟಿದರು.

ಇಲ್ಲಿ ನಮ್ಮ ದೇಶದ ಒಂದು ಗಿಡವೂ ಬರುತ್ತೆ. ಸರ್ಪಗಂಧ! 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅದನ್ನು ಮನೋರೋಗಕ್ಕೂ ರಕ್ತದೊತ್ತಡಕ್ಕೂ ಕೊಟ್ಟ ವರದಿ ಬರೆದರು. 1949ರಲ್ಲಿ ಬೊಂಬಾಯಿಯ ಡಾ. ವಕೀಲ್ ಬ್ರಿಟಿಷ್ ಪತ್ರಿಕೆಯಲ್ಲಿ ಬರೆದ ಮೇಲೆ ಜಗತ್ತು ನೋಡಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿ ಅದರ ಬೇರಿನಿಂದ ರೆಸರ್ಪಿನ್ ತೆಗೆಯಿತು. ಅದೇ ಜಾಡಿನಲ್ಲಿ ಬಂದ ಟೆಟ್ರಾಬೆನಜಿನ್ ಎಂಬ ಮಾತ್ರೆಯನ್ನು ಜೋರು ಟಿಕ್‌ಗಳಿಗೆ ಇವತ್ತಿಗೂ ಕೆಲವು ವೈದ್ಯರು ಬಳಸುತ್ತಾರೆ. ಮೆದುಳಿನಲ್ಲಿ ಡೋಪಮಿನ್ ದಾಸ್ತಾನು ಕಡಿಮೆ ಮಾಡೋದು ಇದರ ಕೆಲಸ. ಹ್ಯಾಲೋಪೆರಿಡಾಲ್ ದಾಸ್ತಾನು ಮುಟ್ಟುವುದಿಲ್ಲ, ಡೋಪಮಿನ್ ಸೇರುವ ಬಾಗಿಲಿಗೇ ಅಡ್ಡ ನಿಲ್ಲುತ್ತೆ. (ಹಾಗಂತ ಯಾರೂ ಗಿಡದ ಬೇರು ಅರೆದು ಮಗುವಿಗೆ ಕೊಡಬೇಡಿ ಮಾರಾಯ್ರೆ. ರಕ್ತದೊತ್ತಡ ಇಳಿಯುತ್ತೆ, ಮನಸ್ಸು ಕುಗ್ಗುತ್ತೆ.)

ತಮಾಷೆ ಅಂದರೆ ಅದೇ ಸೀಬಾ ಕಂಪನಿಯಲ್ಲೇ 1944ರಲ್ಲಿ ಪನಿಜೋನ್ ಎಂಬ ರಸಾಯನಶಾಸ್ತ್ರಜ್ಞ ಮೀಥೈಲ್‌ಫೆನಿಡೇಟ್ ತಯಾರಿಸಿದ್ದ. ಹೆಂಡತಿ ರೀಟಾಳ ಹೆಸರಿನಿಂದ ಅದು ರಿಟಾಲಿನ್ ಆಯಿತು, 1954ರಲ್ಲಿ ಮಾರುಕಟ್ಟೆಗೆ ಬಂತು. ಅದಕ್ಕೂ ಮೊದಲು, 1937ರಲ್ಲಿ, ಅಮೆರಿಕದ ಚಾರ್ಲ್ಸ್ ಬ್ರಾಡ್ಲಿ ತಲೆನೋವಿಗೆಂದು ಬೆಂಜೆಡ್ರಿನ್ ಕೊಟ್ಟ ಮಕ್ಕಳು ಇದ್ದಕ್ಕಿದ್ದಂತೆ ಗಮನವಿಟ್ಟು ಓದತೊಡಗಿದ್ದು ಕಂಡಿದ್ದ. ಈ ಔಷಧಗಳು ಡೋಪಮಿನ್ನಿನ ಪ್ರಭಾವ ಹೆಚ್ಚಿಸುತ್ತವೆ. ಅಂದರೆ ಟಿಕ್ ಮಾತ್ರೆ ಒಂದು ಕಡೆ ಎಳೆಯುತ್ತೆ, ಗಮನದ ಮಾತ್ರೆ ಇನ್ನೊಂದು ಕಡೆ. ಎರಡೂ ಇರುವ ಪುಟ್ಟನಂಥ ಮಕ್ಕಳ ಕತೆ ಏನು?

ಬಹುಕಾಲ ಉತ್ತರ ಸರಳವಾಗಿತ್ತು: ಟಿಕ್ ಇದ್ದರೆ ರಿಟಾಲಿನ್ ಬೇಡ. 1970ರ ದಶಕದಿಂದ, ಆ ಮಾತ್ರೆ ಶುರುಮಾಡಿದ ಮೇಲೆ ಟಿಕ್ ಬಂತು ಅನ್ನುವ ವರದಿಗಳು ಬಂದಿದ್ದವು. ಇಲ್ಲಿ ನನ್ನ ಕಸುಬಿನ ಬುದ್ಧಿ ಉಪಯೋಗಕ್ಕೆ ಬಂತು. ಸಾಫ್ಟ್‌ವೇರಿನಲ್ಲಿ ಆಗಾಗ ಬಂದು ತಾನಾಗಿ ಮಾಯವಾಗುವ ಬಗ್ ಇರುತ್ತಲ್ಲ, ಅದು ಎಲ್ಲಕ್ಕಿಂತ ಅಪಾಯ. ಏನೋ ಒಂದು ಸಾಲು ಬದಲಾಯಿಸಿದಾಗ ಕಾಣೆಯಾದರೆ 'ಸರಿ ಮಾಡಿಬಿಟ್ಟೆ' ಅನ್ನಿಸುತ್ತೆ. ಟಿಕ್ ಕೂಡ ಹಾಗೇ. ತಿಂಗಳುಗಟ್ಟಲೆ ಏರುತ್ತೆ, ಇಳಿಯುತ್ತೆ. ನಾವು ತಾಯಿತ ಕಟ್ಟಿಸುವುದು ಜಾಸ್ತಿ ಆದಾಗಲೇ. ಆಮೇಲೆ ಇಳಿಯುತ್ತೆ. ಹೊಗಳಿಕೆ ತಾಯಿತಕ್ಕೆ! ಪ್ಯಾರಿಸ್ಸಿನ ತಣ್ಣೀರಿಗೂ ಹೀಗೇ ಒಂದಿಷ್ಟು ಹೊಗಳಿಕೆ ಸಿಕ್ಕಿರಬಹುದು. ಇನ್ನು ಗಮನಕ್ಕೆ ಮಾತ್ರೆ ಶುರುಮಾಡುವುದೂ, ಟಿಕ್ ಹುಟ್ಟಿ ಬಲಿಯುವುದೂ ಹೆಚ್ಚಾಗಿ ಅದೇ ಶಾಲೆಯ ವಯಸ್ಸಿನಲ್ಲಿ. ಹಾಗಾಗಿ ಬೈಗುಳ ಮಾತ್ರೆಗೆ.

ಇದನ್ನು ಬಿಡಿಸಲು ಒಂದೇ ದಾರಿ, ಚೀಟಿ ಎತ್ತಿದ ಹಾಗೆ ಮಕ್ಕಳನ್ನು ಗುಂಪು ಮಾಡಿ ಹೋಲಿಸುವುದು. 2002ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಟಿಕ್ ಮತ್ತು ಗಮನದ ತೊಂದರೆ ಎರಡೂ ಇದ್ದ 136 ಮಕ್ಕಳಿಗೆ 16 ವಾರ ಮೀಥೈಲ್‌ಫೆನಿಡೇಟ್, ಕ್ಲೋನಿಡಿನ್, ಎರಡೂ, ಅಥವಾ ಬರೀ ಹುಸಿ ಮಾತ್ರೆ ಕೊಟ್ಟರು. ಕ್ಲೋನಿಡಿನ್ ಅಂದರೆ ರಕ್ತದೊತ್ತಡದ ಹಳೆಯ ಔಷಧ, 1979ರಲ್ಲಿ ಯೇಲ್‌ನ ಡೊನಾಲ್ಡ್ ಕೋಹೆನ್ ತಂಡ ಟುರೆಟ್‌ಗೆ ಪ್ರಯೋಗಿಸಿದ್ದು. ಟಿಕ್ ಜಾಸ್ತಿಯಾಯಿತು ಎಂದವರು ಮೀಥೈಲ್‌ಫೆನಿಡೇಟ್ ಗುಂಪಿನಲ್ಲಿ 20 ಶೇಕಡಾ, ಹುಸಿ ಮಾತ್ರೆಯ ಗುಂಪಿನಲ್ಲಿ 22 ಶೇಕಡಾ! ಎರಡನ್ನೂ ಒಟ್ಟಿಗೆ ತೆಗೆದುಕೊಂಡವರಿಗೆ ಹೆಚ್ಚು ಅನುಕೂಲ ಆಗಿತ್ತು. ಒಂದೊಂದು ಮಗುವಿಗೆ ಹೆಚ್ಚಾಗಬಹುದು, ಗಮನಿಸಬೇಕು, ಆದರೆ ಬಾಗಿಲೇ ಮುಚ್ಚುವ ಕಾರಣ ಉಳಿಯಲಿಲ್ಲ.

ಮಾತ್ರೆ ಇಲ್ಲದ ದಾರಿಯೂ ಇದೆ. 1973ರಲ್ಲಿ ಅಜ್ರಿನ್ ಮತ್ತು ನನ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಅಭ್ಯಾಸ ರೂಪಿಸಿದರು. ಟಿಕ್‌ಗೆ ಮುಂಚೆ ಬರುವ ಆ 'ಸೀನಿನಂಥ' ತುಡಿತವನ್ನು ಗುರುತಿಸು, ಅದಕ್ಕೆ ಎದುರಾದ ಒಂದು ಚಲನೆ ಮಾಡು. ಭುಜ ಎಗರುವ ಹಾಗಾದರೆ ಮೊಣಕೈ ಮೈಗೆ ಒತ್ತಿ ಹಿಡಿ. 1902ರ ಕನ್ನಡಿ ಅಭ್ಯಾಸದ ನೆನಪಾಗುತ್ತೆ ಅಲ್ವಾ? ವ್ಯತ್ಯಾಸ ಏನೆಂದರೆ ಇಲ್ಲಿ ಬೈಗುಳ ಇಲ್ಲ, ಸುಮ್ಮನೆ ತಡೆ ಅನ್ನೋದೂ ಇಲ್ಲ. 2010ರಲ್ಲಿ 126 ಮಕ್ಕಳ ಅಧ್ಯಯನದಲ್ಲಿ ಈ ತರಬೇತಿ ಪಡೆದವರಲ್ಲಿ 52.5 ಶೇಕಡಾ ಮಕ್ಕಳು ಚೆನ್ನಾಗಿ ಸುಧಾರಿಸಿದರು, ಬರೀ ಸಮಾಧಾನದ ಮಾತು, ತಿಳಿವಳಿಕೆ ಪಡೆದವರಲ್ಲಿ 18.5 ಶೇಕಡಾ. 2019ರಲ್ಲಿ ಅಮೆರಿಕದ ನರವೈದ್ಯರ ಅಕಾಡೆಮಿ ಮೊದಲು ಇದನ್ನೇ ನೋಡಿ ಎಂದಿತು. ಟಿಕ್‌ನಿಂದ ಮಗುವಿಗೆ ತೊಂದರೆ ಇಲ್ಲದಿದ್ದರೆ ಸುಮ್ಮನೆ ಕಾಯುವುದೂ ಸರಿ ಎಂದಿತು. ಯಾಕೆಂದರೆ ಬಹಳಷ್ಟು ಮಕ್ಕಳಲ್ಲಿ ಹತ್ತು-ಹನ್ನೆರಡರ ಹೊತ್ತಿಗೆ ಜೋರಾಗಿ, ಹದಿಹರೆಯ ಮುಗಿಯುವಾಗ ಕಡಿಮೆಯಾಗುತ್ತೆ. ನನ್ನ ಹಾಗೆ.

ಇಷ್ಟೆಲ್ಲ ಓದಿಕೊಂಡು ಊರಿಗೆ ಫೋನ್ ಮಾಡಿದರೆ ಭಾವ ಸಿಟ್ಟಾದರು. ಅವರ ಸಿಟ್ಟಿಗೂ ಕಾರಣ ಇತ್ತು. ಮೊದಲು ತೋರಿಸಿದ ಒಂದು ಕಡೆ ಕೊಟ್ಟ ಮಾತ್ರೆಗೆ ಹುಡುಗ ತರಗತಿಯಲ್ಲಿ ನಿದ್ದೆ ಹೊಡೆದು, ಒಂದು ದಿನ ಕುತ್ತಿಗೆ ಸೆಟೆದುಕೊಂಡಿತ್ತು. ಹ್ಯಾಲೋಪೆರಿಡಾಲ್ ಜಾತಿಯ ಔಷಧಗಳ ಗೊತ್ತಿರುವ ಅಡ್ಡಪರಿಣಾಮ ಅದು. ಮುಂಚೆಯೇ ಯಾರೂ ಹೇಳಿರಲಿಲ್ಲ ಅಷ್ಟೆ. "ತೆಂಗಿಗೆ ನುಸಿ ಬಂದಾಗ ಸಿಕ್ಕಿದ್ದೆಲ್ಲ ಹೊಡೆದ್ವಿ, ಮಗನ ಮೇಲೂ ಹೊಡೀಲಾ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಕೊನೆಗೆ ಬೆಂಗಳೂರಿಗೆ ಕರೆತಂದು ಮಕ್ಕಳ ಮನೋವೈದ್ಯರೊಬ್ಬರಿಗೆ ತೋರಿಸಿದೆವು. ಅವರು ಮೊದಲು ಕೇಳಿದ್ದು ಪುಟ್ಟನನ್ನೇ, "ನಿನಗೆ ಯಾವುದರಿಂದ ಜಾಸ್ತಿ ಕಷ್ಟ?" ಅಂತ. ಅವನು ಭುಜ ಅನ್ನಲಿಲ್ಲ. "ಬರೆಯೋದು ಮುಗಿಯಲ್ಲ, ಮಿಸ್ ಬೈತಾರೆ" ಅಂದ. ನಾವೆಲ್ಲ ಎರಡು ವರ್ಷ ಅವನ ಭುಜವನ್ನೇ ನೋಡುತ್ತಾ ಕೂತಿದ್ದೆವು!

ಸದ್ಯಕ್ಕೆ ತೀರ್ಮಾನ ಹೀಗೆ. ಶಾಲೆಗೆ ವೈದ್ಯರ ಪತ್ರ, ಮುಂದಿನ ಬೆಂಚು, ಬರೆಯಲು ಹೆಚ್ಚು ಸಮಯ. ವಾರಕ್ಕೊಮ್ಮೆ ವಿಡಿಯೋ ಕರೆಯಲ್ಲಿ ಆ ಮೊಣಕೈ ಅಭ್ಯಾಸ. ರಾತ್ರಿ ಸ್ವಲ್ಪವೇ ಕ್ಲೋನಿಡಿನ್. ಅದನ್ನು ಇದ್ದಕ್ಕಿದ್ದಂತೆ ನಿಲ್ಲಿಸಬಾರದು ಅಂತ ಅಕ್ಕ ಕ್ಯಾಲೆಂಡರ್ ಮೇಲೆ ದಪ್ಪಕ್ಷರದಲ್ಲಿ ಬರೆದಿದ್ದಾಳೆ. ಗಮನ ಸುಧಾರಿಸದಿದ್ದರೆ ಮೀಥೈಲ್‌ಫೆನಿಡೇಟ್ ಯೋಚಿಸೋಣ ಅಂದಿದ್ದಾರೆ. ಅದು ಕಟ್ಟುನಿಟ್ಟಿನ ಪಟ್ಟಿಯಲ್ಲಿರುವ ಔಷಧ, ಎಲ್ಲ ಮೆಡಿಕಲ್ ಶಾಪಿನಲ್ಲಿ ಸಿಗುವುದಿಲ್ಲ. ಭಾವ ಇನ್ನೂ ಒಪ್ಪಿಲ್ಲ, ನಾನೂ ಒತ್ತಾಯ ಮಾಡುತ್ತಿಲ್ಲ.

ಬೆಂಗಳೂರು ದೂರ ಅನ್ನುವವರು ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಬಹುದು, 2022ರಲ್ಲಿ ಶುರುವಾದದ್ದು, ಕನ್ನಡದಲ್ಲೇ ಮಾತಾಡಬಹುದು.

ವಾಸಿಯಾಯಿತಾ ಅಂತ ಕೇಳಬೇಡಿ. ಎರಡು ತಿಂಗಳು ಕಮ್ಮಿ ಇತ್ತು, ಪರೀಕ್ಷೆ ಹೊತ್ತಿಗೆ ಮತ್ತೆ ಜಾಸ್ತಿ ಆಯಿತು. ಅಟ್ಟದ ಮೇಲೆ ಕಾಯಿ ಹಾಕಿ ಅದು ಉಂಡೆ ಕೊಬ್ಬರಿ ಆಗುವವರೆಗೆ ತಿಂಗಳುಗಟ್ಟಲೆ ಕಾಯುವ ಜನ ನಾವು. ನಡುವೆ ಒಡೆದು ನೋಡಿದರೆ ಕಾಯಿ ಕೆಡುತ್ತೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಮೊನ್ನೆ ಪುಟ್ಟನಿಗೆ ನನ್ನ ಹಳೆಯ ಹೆಸರು ಹೇಳಿದೆ. "ಮಿಣುಕ ಮಾಮ!" ಅಂತ ಬಿದ್ದು ಬಿದ್ದು ನಕ್ಕ. ನಗುವಾಗ ಭುಜ ಎರಡು ಸಲ ಎಗರಿತು. ಮನೆಯಲ್ಲಿ ಯಾರೂ ಏನೂ ಅನ್ನಲಿಲ್ಲ.