ತೋಳಿಗೆ ಬಿಗಿದ ಪಟ್ಟಿ

ರೈಫಲ್ ಕೊಳ್ಳಲು ಬಂದವರು ಈಗ ಮೊದಲು ಕೇಳುವುದು ದುರ್ಬೀನಿನ ಬಗ್ಗೆ. ಆಮೇಲೆ ಮುಂಭಾಗಕ್ಕೆ ಸಿಕ್ಕಿಸುವ ಎರಡು ಕಾಲಿನ ಬೈಪಾಡ್ ಬಗ್ಗೆ. ಪಟ್ಟಿಯ ಮಾತು ಬರುವುದು ಕೊಟ್ಟಕೊನೆಗೆ, ಅದೂ ಹೆಗಲಿಗೆ ಒತ್ತದಂತೆ ಮೆತ್ತಗಿದೆಯೇ ಎಂಬಷ್ಟಕ್ಕೆ. ಸ್ಲಿಂಗ್ ಎಂದರೆ ಕೋವಿ ಹೊರುವ ಬೆಲ್ಟು ಎಂಬ ನಂಬಿಕೆ ಎಷ್ಟು ಆಳಕ್ಕಿಳಿದಿದೆಯೆಂದರೆ, ಮಲಗಿ ಗುರಿಯಿಡುವವನ ಎಡತೋಳಿಗೆ ಅದು ಬಿಗಿದುಕೊಂಡಿರುವುದನ್ನು ಕಂಡವರು, ಎಲ್ಲೋ ಸಿಕ್ಕಿಹಾಕಿಕೊಂಡಿದೆ ಎಂದು ಬಿಡಿಸಲು ಹೋಗುವುದೂ ಉಂಟು.

ಹತ್ತೊಂಬತ್ತನೇ ಶತಮಾನದ ಬಹುಭಾಗ ಈ ನಂಬಿಕೆಯೇ ಸರಿಯಾಗಿತ್ತು. ಸಿಪಾಯಿ ಮೈಲಿಗಟ್ಟಲೆ ನಡೆಯಬೇಕು, ಕೈ ಬಿಡುವಾಗಿರಬೇಕು, ಅದಕ್ಕೊಂದು ಪಟ್ಟಿ. ಬ್ರಿಟನ್ನಿನ ರಾಷ್ಟ್ರೀಯ ರೈಫಲ್ ಸಂಘ ಹುಟ್ಟಿದ್ದು 1859ರಲ್ಲಿ. ಮರುವರ್ಷ ವಿಂಬಲ್ಡನ್ ಬಯಲಿನಲ್ಲಿ ನಡೆದ ಮೊದಲ ಸ್ಪರ್ಧೆಯನ್ನು ವಿಕ್ಟೋರಿಯಾ ರಾಣಿ ಉದ್ಘಾಟಿಸಿದ್ದು, ಚೌಕಟ್ಟಿಗೆ ಕೂಡಿಸಿದ್ದ ವಿಟ್‌ವರ್ತ್ ರೈಫಲ್ಲಿನ ಕುದುರೆಗೆ ಕಟ್ಟಿದ್ದ ದಾರ ಎಳೆದು. ರಾಣಿಗೆ ಪಟ್ಟಿಯೂ ಬೇಕಾಗಲಿಲ್ಲ, ತೋಳೂ ಬೇಕಾಗಲಿಲ್ಲ. ಉಳಿದವರಿಗೆ ಬೇಕಾಯಿತು. ಆ ಸ್ಪರ್ಧೆಗಳು 1890ರಲ್ಲಿ ಬಿಸ್ಲಿಗೆ ಹೋದವು. ಕೋವಿಗಳು ಸುಧಾರಿಸಿದಂತೆ, ಗುರಿ ತಪ್ಪುತ್ತಿರುವುದು ಕೋವಿಯಿಂದಲ್ಲ, ಅದನ್ನು ಹಿಡಿದ ಮೈಯಿಂದ ಎಂಬುದು ಬಯಲಾಗುತ್ತ ಬಂತು.

ಇದಕ್ಕೆ ನೆಟ್ಟಗೆ ಉತ್ತರ ಕೊಟ್ಟದ್ದು ಅಮೆರಿಕದ ಸೇನೆ. ಸ್ಪ್ರಿಂಗ್‌ಫೀಲ್ಡ್ 1903 ರೈಫಲ್ಲಿಗೆ ಜೊತೆಯಾಗಿ ಬಂದ 1907ರ ಮಾದರಿಯ ಚರ್ಮದ ಸ್ಲಿಂಗ್ ನೋಡಲು ಅಂಥ ವಿಶೇಷವೇನೂ ಅಲ್ಲ. ಒಂದೂಕಾಲು ಇಂಚು ಅಗಲದ ಎರಡು ಪಟ್ಟಿ, ಒಂದು ಉದ್ದ, ಒಂದು ಗಿಡ್ಡ. ಎರಡಕ್ಕೂ ಒಂದೊಂದು ಲೋಹದ ಜೋಡಿಕೊಕ್ಕೆ, ಉದ್ದಕ್ಕೂ ಜೋಡಿ ಜೋಡಿಯಾಗಿ ತೂತು, ಸರಿದಾಡುವ ಎರಡು ಚರ್ಮದ ಬಳೆ. ಜಾಣತನವಿದ್ದದ್ದು ವಿಂಗಡಣೆಯಲ್ಲಿ: ಗಿಡ್ಡ ಪಟ್ಟಿ ಹೊರುವುದಕ್ಕೆ, ಉದ್ದ ಪಟ್ಟಿ ಹೊಡೆಯುವುದಕ್ಕೆ. ಅದೇ ವರ್ಷ ಒಹಾಯೋದ ಕ್ಯಾಂಪ್ ಪೆರಿಯಲ್ಲಿ ಅಮೆರಿಕದ ರಾಷ್ಟ್ರೀಯ ಸ್ಪರ್ಧೆಗಳು ಮೊದಲ ಬಾರಿಗೆ ನಡೆದವು. ಪಟ್ಟಿಗೂ ಆ ಮೈದಾನಕ್ಕೂ ಆಗ ಬಿದ್ದ ನಂಟು ಇನ್ನೂ ಹರಿದಿಲ್ಲ.

ಬಳಸುವ ಬಗೆ ಹೀಗೆ. ಬಲಗೈಯವನಾದರೆ ಮೊದಲು ಗಿಡ್ಡ ಪಟ್ಟಿಯ ಕೊಕ್ಕೆ ಬಿಚ್ಚಿ ಸಡಿಲ ಬಿಡಬೇಕು. ಉದ್ದ ಪಟ್ಟಿಯ ಕುಣಿಕೆಯನ್ನು ಎಡಕ್ಕೆ ಅರ್ಧ ಸುತ್ತು ತಿರುಗಿಸಿ, ಎಡತೋಳು ತೂರಿಸಿ, ಕಂಕುಳ ಸಮೀಪದವರೆಗೂ ಏರಿಸಿ, ಚರ್ಮದ ಬಳೆಯನ್ನು ಜಗ್ಗಿ ಕೂಡಿಸಬೇಕು. ಮೊಣಕೈಯ ಹತ್ತಿರ ಕಟ್ಟಿಕೊಂಡರೆ ನಾಡಿಯ ಬಡಿತವೆಲ್ಲ ಕೋವಿಗೆ ಹತ್ತಿ, ಗುರಿಯ ಕಡ್ಡಿ ಎದೆಬಡಿತದ ತಾಳಕ್ಕೆ ಕುಣಿಯುತ್ತದೆ. ಕೈ ಪಟ್ಟಿಯ ಹೊರಗಿನಿಂದ ಸುತ್ತಿಬಂದು, ಪಟ್ಟಿ ಸಿಕ್ಕಿಸಿದ ಮುಂದಿನ ಕೊಂಡಿಗೆ ಒತ್ತಿ ನಿಲ್ಲಬೇಕು. ಅರ್ಧ ಸುತ್ತು ಹಾಕಿದ್ದರೆ ಪಟ್ಟಿ ಕೈಹಿಂಭಾಗದ ಮೇಲೆ ಚಪ್ಪಟೆಯಾಗಿ ಮಲಗುತ್ತದೆ, ಮರೆತಿದ್ದರೆ ಅಂಚು ಕೊಯ್ಯುತ್ತದೆ. ಮೊಣಕೈ ಕೋವಿಯ ಅಡಿಗೇ ಬರಬೇಕು. ಬೆರಳು ಕೋವಿಯನ್ನು ಹಿಡಿಯಕೂಡದು, ಅಂಗೈ ಮೇಲೆ ಅದು ಸುಮ್ಮನೆ ಕೂತಿರಬೇಕು.

ಇಷ್ಟಾದರೆ ಕೋವಿಯ ಭಾರ ಮಾಂಸಖಂಡದ ಮೇಲೆ ಬೀಳದೆ ಮೂಳೆಯ ಮೇಲೆ ಬೀಳುತ್ತದೆ. ಮುಂಗೈ ತೊಲೆಗೆ ಕೊಟ್ಟ ಊರುಗೋಲು, ಪಟ್ಟಿ ಅದನ್ನು ಜಾರದಂತೆ ಎಳೆದು ಹಿಡಿದ ಹಗ್ಗ. ಬಿಗಿ ಸರಿಯಿದೆಯೇ ಎಂದು ನೋಡಲು ಹಳಬರ ಪರೀಕ್ಷೆ ಸುಲಭ: ಕೋವಿಯ ಹಿಂಭಾಗವನ್ನು ಹೆಗಲಿಗೆ ಕೂಡಿಸಲು ಬಲಗೈಯಿಂದ ತುಸು ಮುಂದೆ ನೂಕಿಯೇ ಒಳಗೆ ತರಬೇಕು. ತಾನಾಗಿ ಬಂದು ಕೂತರೆ ಸಡಿಲ, ಒದ್ದಾಡಿಸಿದರೆ ಅತಿ ಬಿಗಿ. ಆಮೇಲೆ ಕಣ್ಣು ಮುಚ್ಚಿ, ಉಸಿರು ಬಿಟ್ಟು, ಕಣ್ಣು ತೆರೆದು ನೋಡಬೇಕು. ಗುರಿ ಪಕ್ಕಕ್ಕೆ ಸರಿದಿದ್ದರೆ ಕೋವಿಯನ್ನು ತಳ್ಳದೆ, ಊರಿದ ಮೊಣಕೈಯನ್ನು ಕೀಲಾಗಿಸಿ ಇಡೀ ಮೈಯನ್ನೇ ತಿರುಗಿಸಬೇಕು. ಈ ಕೊನೆಯ ಹೆಜ್ಜೆ ಹೇಳಿಕೊಡದೆ ಪಟ್ಟಿ ಕಟ್ಟುವುದಷ್ಟನ್ನೇ ಕಲಿಸುವ ತರಬೇತುದಾರರು ಬೇಕಾದಷ್ಟಿದ್ದಾರೆ. ಅವರ ಶಿಷ್ಯರೇ ಮುಂದೆ ಸ್ಲಿಂಗ್‌ನಿಂದ ಪ್ರಯೋಜನವಿಲ್ಲ ಎಂದು ಸಾರುವವರು.

ಮೊದಲ ಮಹಾಯುದ್ಧದಲ್ಲಿ ಚರ್ಮಕ್ಕೆ ಬದಲು ಕೆರ್ ಎಂಬ ನೇಯ್ದ ಪಟ್ಟಿ ಬಂತು, ಹೋಯಿತು. ಎರಡನೆಯದರಲ್ಲಿ ಎಂ1 ಗರಾಂಡ್ ರೈಫಲ್ಲಿಗೂ 1907ರ ಚರ್ಮವೇ ಮುಂದುವರಿಯಿತು. ಹಿತ್ತಾಳೆ ಯುದ್ಧಕ್ಕೆ ಬೇಕಾಗಿದ್ದರಿಂದ ಕೊಕ್ಕೆಗಳು ಉಕ್ಕಿನವಾದವು. ಬೆನ್ನಿಗೇ ಬಂದ ಕ್ಯಾನ್ವಾಸ್ ಸ್ಲಿಂಗ್ ಅಗ್ಗ, ಮಳೆಗೆ ಹೆದರುವುದಿಲ್ಲ, ಎಳೆದೊಡನೆ ಬಿಗಿಯಾಗುತ್ತದೆ. ಸೈನಿಕರಿಗೆ ಅದು ಹಿಡಿಸಿತು, ಸ್ಪರ್ಧಿಗಳು ಮಾತ್ರ ಚರ್ಮ ಬಿಡಲಿಲ್ಲ. ಕಾರಣ ತೂತುಗಳು. ಕೂತು ಹೊಡೆಯುವಾಗ ಕೊಕ್ಕೆ ಯಾವ ತೂತಿಗೆ, ಮಲಗಿದಾಗ ಯಾವುದಕ್ಕೆ ಎಂದು ಗುರುತು ಹಾಕಿಟ್ಟುಕೊಂಡರೆ ಹತ್ತು ವರ್ಷದ ನಂತರವೂ ಬಿಗಿ ಅಷ್ಟೇ ಇರುತ್ತದೆ. ಜಾರುವ ಬಕಲಿಗೆ ಆ ನೆನಪಿಲ್ಲ.

ಎರಡನೇ ಮಹಾಯುದ್ಧ ಮುಗಿದ ಮೇಲಿನ ಮೂರು ದಶಕ ಸ್ಲಿಂಗ್‌ನ ಸುವರ್ಣಕಾಲವೆಂದರೆ ಹೊಸಬರು ನಗಬಹುದು. ಆದರೆ ಕ್ಯಾಂಪ್ ಪೆರಿಯಲ್ಲಿ 200 ಗಜದಿಂದ ಕೂತು, 300 ಗಜದಿಂದ ಮಲಗಿ ಬಿರುಸಿನಿಂದ ಹತ್ತು ಗುಂಡು, ಬಳಿಕ 600 ಗಜದಿಂದ ನಿಧಾನವಾಗಿ ಹೊಡೆಯುವ ಕ್ರಮದಲ್ಲಿ ಗರಾಂಡ್ ಮತ್ತು ಎಂ14 ಹಿಡಿದ ಪೀಳಿಗೆ ಕಲಿತದ್ದನ್ನು ಯಾವ ಯಂತ್ರವೂ ಕಲಿಸಿಲ್ಲ. ಅಲ್ಲಿನ ಸಾವಿರ ಗಜದ ವಿಂಬಲ್ಡನ್ ಕಪ್ ಅನ್ನು 1965ರಲ್ಲಿ ಗೆದ್ದ ಕಾರ್ಲೋಸ್ ಹ್ಯಾತ್‌ಕಾಕ್ ವಿಯೆಟ್ನಾಂನಲ್ಲಿ ಸ್ನೈಪರ್ ಆಗಿ ಹೆಸರಾದ. ಗ್ಯಾರಿ ಆಂಡರ್ಸನ್ 300 ಮೀಟರ್ ಮೂರು ಭಂಗಿಗಳ ಒಲಿಂಪಿಕ್ ಚಿನ್ನವನ್ನು 1964 ಮತ್ತು 1968ರಲ್ಲಿ ಎರಡು ಸಲ ಗೆದ್ದರು. 1976ರ ಮಾಂಟ್ರಿಯಲ್‌ನಲ್ಲಿ ಮಾರ್ಗರೆಟ್ ಮರ್ಡಾಕ್ ಗಂಡಸರ ಜೊತೆಗೇ ಸ್ಪರ್ಧಿಸಿ ಲ್ಯಾನಿ ಬ್ಯಾಶಮ್‌ರ ಅಂಕಕ್ಕೆ ಸಮನಾದರು. ಬೆಳ್ಳಿ ಆಕೆಯ ಪಾಲಿಗೆ ಬಂದಾಗ ಬ್ಯಾಶಮ್ ಆಕೆಯನ್ನು ತಮ್ಮ ಮೆಟ್ಟಿಲಿಗೇ ಎಳೆದುಕೊಂಡರು.

ಪಟ್ಟಿಗೆ ಪೆಟ್ಟು ಬಿದ್ದದ್ದು ಎಂ16 ರೈಫಲ್ಲಿನಿಂದ. ಅದರ ಮುಂದಿನ ಕೊಂಡಿ ತೂಗುತ್ತಿದ್ದುದೇ ನಳಿಗೆಗೆ ಜೋಡಿಸಿದ ಗುರಿಗುಬ್ಬಿಯ ಬುಡದಿಂದ. ಪಟ್ಟಿ ಬಿಗಿದರೆ ತೆಳು ನಳಿಗೆ ಬಾಗಿ ಗುಂಡು ಬೀಳುವ ಜಾಗವೇ ಬದಲಾಗುತ್ತಿತ್ತು. ಸ್ಪರ್ಧಿಗಳು ಹಿಡಿಕವಚದೊಳಗೆ ನಳಿಗೆಗೆ ತಾಗದ ಕೊಳವೆ ಅಡಗಿಸಿ, ಪಟ್ಟಿಯನ್ನು ಅದಕ್ಕೆ ಸಿಕ್ಕಿಸಿ ದಾರಿ ಕಂಡುಕೊಂಡರು. ದೋಷ ಕೋವಿಯದಾದರೂ ಆರೋಪ ಉಳಿದದ್ದು ಪಟ್ಟಿಯ ಮೇಲೆ.

ಇದೇ ಹೊತ್ತಿಗೆ ಅರಿಜೋನಾದ ಗನ್‌ಸೈಟ್ ಶಾಲೆಯ ಜೆಫ್ ಕೂಪರ್ ಬೇಟೆಗಾರರ ಕಡೆಯಿಂದ ಯೋಚಿಸಿದರು. 1907ರ ಪಟ್ಟಿ ಕಟ್ಟುವಷ್ಟರಲ್ಲಿ ಜಿಂಕೆ ಬೆಟ್ಟ ದಾಟಿರುತ್ತದೆ. ಗ್ವಾಟೆಮಾಲಾದ ಕಾರ್ಲೋಸ್ ವಿಡ್‌ಮನ್ ಬಳಿ ಅವರು ಕಂಡ ಪಟ್ಟಿಯನ್ನು ಎರಿಕ್ ಚಿಂಗ್ ಸರಳಗೊಳಿಸಿದರು: ಮ್ಯಾಗಜೀನಿನ ಮುಂದೆ ಮೂರನೆಯದೊಂದು ಕೊಂಡಿ, ಅಲ್ಲಿಂದೊಂದು ಗಿಡ್ಡ ತುಂಡು, ತೋಳು ತೂರಿಸಿದರೆ ಕುಣಿಕೆ ಸಿದ್ಧ. 1907ರ ನಂತರ ಸ್ಲಿಂಗ್‌ನಲ್ಲಿ ಮೂಡಿದ ನಿಜವಾದ ಹೊಸ ಆಲೋಚನೆ ಇದೊಂದೇ. ಇವತ್ತು ಬಿಕರಿಯಾಗುವ, ಎದೆಗೆ ಅಡ್ಡ ತೂಗುವ ಪಟ್ಟಿಗಳೆಲ್ಲ ಹೊರುವ ಕಲೆಯಲ್ಲಿ ಮುಂದೆ ಹೋಗಿವೆ, ಹೊಡೆಯುವ ಕಲೆಯಲ್ಲಿ ವಿಕ್ಟೋರಿಯಾ ಕಾಲಕ್ಕೆ ಮರಳಿವೆ.

ಬೈಪಾಡ್ ಕಡೆಯವರ ಮಾತನ್ನೂ ತಳ್ಳಿಹಾಕುವಂತಿಲ್ಲ. ಸಮತಟ್ಟು ನೆಲದಲ್ಲಿ ಅದರಷ್ಟು ಸ್ಥಿರತೆ ಪಟ್ಟಿಗೆ ಇಲ್ಲ. ಆದರೆ ಹುಲ್ಲು ಎದೆಮಟ್ಟ ಬೆಳೆದಿದ್ದರೆ, ಕೂತೇ ಹೊಡೆಯಬೇಕಾದರೆ ಎರಡು ಕಾಲು ಗಾಳಿಯಲ್ಲಿ ತೂಗುತ್ತವೆ. ಪಟ್ಟಿಗೂ ಮಿತಿಯಿದೆ. ಮೊಣಕೈ ಎಲ್ಲಾದರೂ ಊರಿದ್ದರೆ ಮಾತ್ರ ಕುಣಿಕೆ ಪೂರ್ತಿ ಕೆಲಸ ಮಾಡುತ್ತದೆ. ನಿಂತವನಿಗೆ ತೋಳಿಗೆ ಒಂದು ಸುತ್ತು ಹಾಕಿಕೊಳ್ಳುವ ಆತುರದ ಕಟ್ಟು ತುಸು ಆಸರೆ, ಅಷ್ಟೆ.

ಭಾರತದಲ್ಲಿ ಪಟ್ಟಿ ಕಣ್ಣಿಗೆ ಬೀಳದಿರುವುದಕ್ಕೆ ಈ ನಿಂತ ಭಂಗಿಯೇ ಕಾರಣ. ಅಭಿನವ್ ಬಿಂದ್ರಾರ 2008ರ ಒಲಿಂಪಿಕ್ ಚಿನ್ನ, ಗಗನ್ ನಾರಂಗ್‌ರ 2012ರ ಕಂಚು ಎರಡೂ 10 ಮೀಟರ್ ಏರ್ ರೈಫಲ್ಲಿನವು. ಅಲ್ಲಿ ಸ್ಲಿಂಗ್ ನಿಷಿದ್ಧ. 2012ರ ಲಂಡನ್ನಿನಲ್ಲೇ ಮಲಗಿ ಹೊಡೆಯುವ 50 ಮೀಟರ್ ಸ್ಪರ್ಧೆಯಲ್ಲಿ ನಾಲ್ಕನೆಯವರಾದ ಜೋಯ್‌ದೀಪ್ ಕರ್ಮಾಕರ್ ಎಷ್ಟು ಜನಕ್ಕೆ ನೆನಪಿದ್ದಾರೆ? ಆ ಸ್ಪರ್ಧೆಯನ್ನೇ 2016ರ ನಂತರ ಒಲಿಂಪಿಕ್ಸ್‌ನಿಂದ ತೆಗೆದರು. ಉಳಿದದ್ದು ಮೂರು ಭಂಗಿಗಳ ಸ್ಪರ್ಧೆ. ಮಂಡಿಯೂರಿದಾಗ, ಮಲಗಿದಾಗ ಸ್ಲಿಂಗ್ ಉಂಟು, ಅಗಲ 40 ಮಿಲಿಮೀಟರ್ ಮೀರುವಂತಿಲ್ಲ. ಸಿಫ್ಟ್ ಕೌರ್ ಸಮ್ರಾ 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 469.6 ಅಂಕದ ವಿಶ್ವದಾಖಲೆ ಬರೆದದ್ದು, ಕೊಲ್ಹಾಪುರ ಕಡೆಯ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್‌ನಲ್ಲಿ 451.4 ಅಂಕದೊಡನೆ ಕಂಚು ತಂದದ್ದು ಇದರಲ್ಲೇ. ಪಟ್ಟಿಯ ಪಕ್ಷದವರಿಗೆ ಮುಜುಗರವೆಂದರೆ, ಕುಸಾಳೆ ಪದಕದ ಸ್ಥಾನಕ್ಕೆ ಏರಿದ್ದು ಪಟ್ಟಿಯಿಲ್ಲದ ನಿಂತ ಭಂಗಿಯಲ್ಲಿ. ಅಲ್ಲಿಯವರೆಗೆ ಮುಂಚೂಣಿಯಿಂದ ದೂರ ಬೀಳದಂತೆ ನೋಡಿಕೊಂಡದ್ದು ಯಾವುದು ಎಂದು ಯಾರೂ ಕೇಳಲಿಲ್ಲ.

ಕರ್ನಾಟಕದಲ್ಲಿ ಕೋವಿಯೆಂದರೆ ಕೊಡಗು. ಕೈಲ್‌ಪೊಳ್ದ್ ಹಬ್ಬದ ದಿನ ತೋಕ್ ಪೂ ಎಂಬ ಹೂ ಮುಡಿಸಿ ಕೋವಿಗೆ ಪೂಜೆ, ಆಮೇಲೆ ತೆಂಗಿನಕಾಯಿಗೆ ಗುಂಡು. ಹೊಡೆಯುವವರು ನಿಂತೇ ಹೊಡೆಯುತ್ತಾರೆ, ಪಟ್ಟಿ ಹೆಗಲಿನ ಪಟ್ಟಿಯಾಗಿಯೇ ಉಳಿದಿದೆ. ಎನ್‌ಸಿಸಿಯಲ್ಲಿ .22 ರೈಫಲ್ ಹಿಡಿದ ಹುಡುಗ ಹುಡುಗಿಯರಿಗೆ ಅದು ಕವಾಯತಿನಲ್ಲಿ ಜೋಲದಂತೆ ಬಿಗಿದಿಡಬೇಕಾದ ವಸ್ತು. ಅದೇ ಮಕ್ಕಳು ಮಲಗಿ ಗುರಿಯಿಡುವಾಗ ಪಟ್ಟಿ ಪಕ್ಕದಲ್ಲೇ ಇರುತ್ತದೆ, ತೋಳು ನಡುಗುತ್ತಿರುತ್ತದೆ.

ಕೊಳ್ಳುವವರಿಗೆ ಎರಡು ಮಾತು. ಸ್ಪರ್ಧೆಗೋ ಶಿಸ್ತಿನ ಅಭ್ಯಾಸಕ್ಕೋ ಆದರೆ ಒಂದೂಕಾಲು ಇಂಚಿನ ಗಟ್ಟಿ ಚರ್ಮ, ತೂತುಗಳಿಗೆ ಅಂಕಿ ಒತ್ತಿದ್ದರೆ ಇನ್ನೂ ಒಳ್ಳೆಯದು. ಮೆತ್ತನೆಯ ಚರ್ಮ ಮೊದಲ ದಿನ ಹಿತ, ತಿಂಗಳಾದ ಮೇಲೆ ಎಳೆದು ಉದ್ದವಾಗುತ್ತದೆ. ಮಡಿಕೇರಿಯಂಥ ಕಡೆ ಜೂನ್ ಹಿಡಿದರೆ ಚರ್ಮಕ್ಕೆ ಬೂಷ್ಟು ಖಾತ್ರಿ. ಅಲ್ಲಿಯವರು ನೈಲಾನ್ ಆರಿಸಿಕೊಂಡರೆ ತಪ್ಪಿಲ್ಲ, ಬಿಗಿಯ ಗುರುತನ್ನು ದಾರದಲ್ಲಿ ಹೊಲಿದುಕೊಳ್ಳಬೇಕಷ್ಟೆ. ಚರ್ಮವೇ ಬೇಕೆಂದವರು ಎಣ್ಣೆಯನ್ನು ಒರೆಸಿದಷ್ಟೇ ಹಚ್ಚಲಿ. ಎಣ್ಣೆ ಕುಡಿದ ಪಟ್ಟಿಯ ತೂತು ಹಿಗ್ಗಿ, ಬಿರುಸಿನ ಹತ್ತು ಗುಂಡಿನಲ್ಲಿ ಆರನೆಯದಕ್ಕೋ ಏಳನೆಯದಕ್ಕೋ ಕೊಕ್ಕೆ ಕಳಚಿಕೊಳ್ಳುತ್ತದೆ.